ತುಮಕೂರಿನ ಅಣಬೆ ಫರ್ನಿಚರ್ ಕಿಟ್: ಲ್ಯಾಂಪ್ ಸೂಪರ್, ಸ್ಟೂಲ್ ಸುಮಾರು, ತೆಂಗಿನ ತೋಟ ಇರೋರು ಪೂರ್ತಿ ಓದಿ

ಮೊದ್ಲೇ ಹೇಳ್ಬಿಡ್ತೀನಿ, ಐಟಂ ಚೆನ್ನಾಗಿದೆ, ದುಡ್ಡಿಗೆ ಮೋಸ ಇಲ್ಲ, ಲ್ಯಾಂಪ್ ಕಿಟ್ ಅಂತೂ ಧೈರ್ಯವಾಗಿ ತಗೋಬಹುದು. ಸ್ಟೂಲ್ ಕಿಟ್ ಬಗ್ಗೆ ಸ್ವಲ್ಪ ಮಾತಿದೆ. ಅದಕ್ಕಿಂತ ದೊಡ್ಡ ವಿಷಯ ಅಂದ್ರೆ ಕವರ್ ಒಳಗಿರೋ ಜೀವಂತ ಅಣಬೆ ಯಾವ ಜಾತೀದು ಅನ್ನೋದು, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗು ಅಡಿಕೆ ಇಟ್ಕೊಂಡಿರೋರು ಆ ಭಾಗ ಬಿಡದೆ ಓದಿ, ಇಷ್ಟುದ್ದ ಬರೀತಿರೋದೇ ಅದಕ್ಕೆ.

ನಾನು ತುಮಕೂರಲ್ಲಿ ಇಂಟೀರಿಯರ್ ಕೆಲಸ ಮಾಡಿಸ್ತೀನಿ, ಫಾಲ್ಸ್ ಸೀಲಿಂಗು, ವಾರ್ಡ್‌ರೋಬು, ಟಿವಿ ಯೂನಿಟ್ಟು ಈ ಥರದ್ದು. ದಿನಾ ಪ್ಲೈವುಡ್ಡು, ಎಂಡಿಎಫ್ಫು, ಫೆವಿಕಾಲು, ಥರ್ಮಾಕೋಲ್ ಮಧ್ಯಾನೇ ಬದುಕು. ಒಂದು ಸೈಟ್ ಮುಗಿದ್ಮೇಲೆ ಅಲ್ಲಿಂದ ಎತ್ತಿ ಹಾಕೋ ಕಸ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಅದರಲ್ಲೂ ಥರ್ಮಾಕೋಲು ಗಾಳಿಗೆ ಹಾರಿ ಚರಂಡಿ ಸೇರೋದು. ಹಂಗಾಗಿ ನಮ್ಮೂರಲ್ಲೇ ಯಾರೋ ಒಣಹುಲ್ಲಲ್ಲಿ ಅಣಬೆ ಬೆಳೆಸಿ ಫರ್ನಿಚರ್ ಮಾಡೋದು ಕಲಿಸ್ತಾರಂತೆ, ಕಿಟ್ಟೂ ಕೊಡ್ತಾರಂತೆ ಅಂತ ಗೊತ್ತಾದಾಗ ನಾನೂ ನನ್ ಹೆಂಡ್ತಿನೂ ಇಬ್ರೂ ಹೋದ್ವಿ.

ಜಾಗ ಊರಾಚೆ, ಶೀಟ್ ಹಾಕಿರೋ ಒಂದು ಶೆಡ್ಡು, ಗಂಡ ಹೆಂಡ್ತಿ ಇಬ್ರೇ ನಡೆಸ್ತಾರೆ. ಪಾರ್ಕಿಂಗ್ ತೊಂದ್ರೆ ಇಲ್ಲ, ಕಾಫಿ ಚೆನ್ನಾಗಿ ಕೊಡ್ತಾರೆ. ಅರ್ಧ ದಿನದ ಕ್ಲಾಸು, ಆಮೇಲೆ ಕಿಟ್ ಕೊಟ್ಟು ಕಳಿಸ್ತಾರೆ.

ವಿಷಯ ಏನು ಅಂತ ಗೊತ್ತಿಲ್ಲದೋರಿಗೆ ಹೇಳ್ತೀನಿ. ಅಣಬೆ ಅಂದ್ರೆ ನಮಗೆ ಕಾಣೋದು ಮೇಲೆ ಬರೋ ಕೊಡೆ ಅಷ್ಟೇ, ಅಸಲಿ ಜೀವ ಇರೋದು ಕೆಳಗಡೆ, ದಾರಕ್ಕಿಂತ ಸಣ್ಣ ಬಿಳಿ ಎಳೆಗಳ ಜಾಲ, ಮೈಸೀಲಿಯಂ ಅಂತಾರೆ. ಆ ಎಳೆಗಳು ಹುಲ್ಲು, ಮರದ ಪುಡಿ, ನಾರು ಇಂಥದರ ಒಳಗೆ ನುಗ್ಗಿ ಅದನ್ನೇ ತಿಂತಾ ತಿಂತಾ ಚೂರು ಚೂರನ್ನೂ ಒಂದಕ್ಕೊಂದು ಬಿಗಿದು ಹಿಡ್ಕೊಳ್ತವೆ. ಅದನ್ನ ಅಚ್ಚಿನಲ್ಲಿ ತುಂಬಿ ಬೆಳೆಯೋಕೆ ಬಿಟ್ರೆ ಅಚ್ಚಿನ ಆಕಾರಕ್ಕೇ ಗಟ್ಟಿ ಆಗುತ್ತೆ. ಆಮೇಲೆ ಬಿಸಿ ಗಾಳಿಯಲ್ಲಿ ಒಣಗಿಸಿ ಜೀವ ತೆಗೆದ್ರೆ ಬೆಳವಣಿಗೆ ನಿಂತುಹೋಗುತ್ತೆ, ಉಳಿಯೋದು ಹಗುರವಾದ ಗಟ್ಟಿ ಪೀಸು. ಅಂಟು ಇಲ್ಲ, ರೆಸಿನ್ ಇಲ್ಲ, ಮೊಳೆ ಇಲ್ಲ.

ಕ್ಲಾಸಲ್ಲಿ ಇದನ್ನೆಲ್ಲ ಕೈಯಲ್ಲೇ ಮಾಡಿಸ್ತಾರೆ. ಕತ್ತರಿಸಿದ ಹುಲ್ಲನ್ನ ನೆನೆಹಾಕಿ, ಸುಮಾರು 80 ಡಿಗ್ರಿ ಬಿಸಿನೀರಲ್ಲಿ ಗಂಟೆಗಟ್ಲೆ ಇಟ್ಟು, ಸೋರಿಸಿ, ಮುಷ್ಟಿಯಲ್ಲಿ ಹಿಂಡಿದ್ರೆ ಎರಡು ಮೂರು ಹನಿ ಬರಬೇಕು, ಧಾರೆ ಬರಬಾರದು, ಅಲ್ಲೀತನಕ ಆರಿಸೋದು. ನಂಗೆ ಇಷ್ಟ ಆಗಿದ್ದು ಇವರು ಬರೀ ಬಿಸಿನೀರು ಬಳಸ್ತಾರೆ ಅನ್ನೋದು. ಅಣಬೆ ಬೇಸಾಯ ಮಾಡೋ ಸುಮಾರು ಜನ ಹುಲ್ಲನ್ನ ಬ್ಯಾವಿಸ್ಟಿನ್ನು, ಫಾರ್ಮಾಲಿನ್ ಥರದ ಕೆಮಿಕಲ್ ಹಾಕಿದ ನೀರಲ್ಲಿ ಅದ್ದುತಾರೆ, ಮನೆ ಒಳಗೆ ಮಲಗೋ ರೂಮಲ್ಲಿ ಇಡೋ ವಸ್ತುಗೆ ಅದು ಯಾಕೆ ಬೇಕು ಹೇಳಿ. ಆಮೇಲೆ ಅಣಬೆ ಬೀಜ, ಅಂದ್ರೆ ಜೋಳದ ಕಾಳಿನ ಮೇಲೆ ಬೆಳೆಸಿರೋ ಸ್ಪಾನು, ಅದನ್ನ ಹಾಲಿಗೆ ಹೆಪ್ಪು ಹಾಕಿದ ಹಾಗೆ ಹುಲ್ಲಿಗೆ ಬೆರೆಸಿ ಕವರಲ್ಲಿ ಕಟ್ಟಿ ಕತ್ತಲಲ್ಲಿ ಇಡೋದು. ಎರಡು ಮೂರು ವಾರದಲ್ಲಿ ಕವರ್ ಪೂರ್ತಿ ಬೆಳ್ಳಗಾಗುತ್ತೆ. ಅದನ್ನ ಪುಡಿ ಮಾಡಿ, ಒಂಚೂರು ಗೋಧಿ ಹಿಟ್ಟು ಸೇರಿಸಿ ಅಚ್ಚಿಗೆ ತುಂಬಬೇಕು. ಕಿಟ್ಟಲ್ಲಿ ಕೊಡೋದು ಹೀಗೆ ಬೆಳ್ಳಗಾಗಿರೋ ಕವರೇ, ಜೊತೆಗೆ ಪ್ಲಾಸ್ಟಿಕ್ ಅಚ್ಚು, ಗ್ಲೌಸು, ಸ್ಪಿರಿಟ್ ಬಾಟ್ಲು, ಹಿಟ್ಟಿನ ಪೊಟ್ಟಣ. ಮನೇಲಿ ಮಾಡೋಕೆ ಉಳಿಯೋದು ಪುಡಿ ಮಾಡೋದು, ತುಂಬೋದು, ಕಾಯೋದು.

ನಮ್ ಬ್ಯಾಚಲ್ಲಿ ಒಬ್ರು ಅಮ್ಮ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕೋ ಹಳೇ ಮರದ ಅಚ್ಚು ತಂದಿದ್ರು, ಅದರಲ್ಲೇ ಬೆಳೆಸ್ತೀನಿ ಅಂತ. ಕಲಿಸೋ ಮೇಡಂ ಬೇಡ ಅಂದ್ರು, ಯಾಕಂದ್ರೆ ಅಣಬೆಗೆ ಮರ ಅಂದ್ರೆ ಊಟ, ಎಳೆ ಅಚ್ಚಿನ ಒಳಕ್ಕೇ ಇಳಿದು ಅಂಟ್ಕೊಂಡ್ಬಿಡುತ್ತೆ. ಕೊನೆಗೆ ಅಚ್ಚಿಗೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಒತ್ತಿ ಹಾಸಿ ತುಂಬಿದ್ರು. ಆ ಗಿಳಿ, ಆ ತುಳಸಿಕಟ್ಟೆ ಎಷ್ಟು ನೀಟಾಗಿ ಬಂದಿತ್ತು ಅಂದ್ರೆ ನೋಡ್ತಾ ನಿಂತ್ಬಿಟ್ವಿ, ಸಣ್ಣ ಗೆರೆ ಕೂಡ ಬಿಟ್ಟಿರಲಿಲ್ಲ.

ನನ್ ಕಸುಬಿನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದು ಅನ್ಸಿದ್ದು ಜಾಯಿಂಟು. ಎರಡು ಪೀಸ್ ಬೇರೆ ಬೇರೆ ಅಚ್ಚಲ್ಲಿ ಬೆಳೆಸಿ, ಇನ್ನೂ ಜೀವ ಇರೋವಾಗ್ಲೇ ಒಂದರ ಮೇಲೊಂದು ಒತ್ತಿ ಇಟ್ರೆ ಎಳೆಗಳು ಆಚೆ ಈಚೆ ಹೋಗಿ ಹೆಣೆದ್ಕೊಂಡು ಒಂದೇ ಆಗ್ಬಿಡ್ತವೆ. ನಮ್ ಲ್ಯಾಂಪು ಎರಡು ಬಟ್ಟಲು ಸೇರಿಸಿ ಮಾಡಿರೋದು, ಈಗ ಸೇರಿಸಿದ ಜಾಗ ಎಲ್ಲಿ ಅಂತ ತೋರಿಸು ಅಂದ್ರೆ ನಂಗೇ ಆಗಲ್ಲ. ಇಷ್ಟು ವರ್ಷ ಜಾಯಿಂಟ್ ಕಾಣದಂಗೆ ಮುಚ್ಚೋಕೆ ಪಟ್ಟಿ, ಪುಟ್ಟಿ, ಲ್ಯಾಮಿನೇಟು ಅಂತ ಒದ್ದಾಡಿರೋನಿಗೆ ಇದು ಸಣ್ಣ ವಿಷಯ ಅಲ್ಲ.

ಅಚ್ಚಿಂದ ತೆಗೆದ್ಮೇಲೂ ಒಂದೆರಡು ದಿನ ಕವರೊಳಗೆ ಹಾಗೇ ಬಿಡಬೇಕು, ಆಗ ಮೇಲ್ಗಡೆ ಮಖಮಲ್ಲಿನಂಥ ಬಿಳಿ ಚರ್ಮ ಬರುತ್ತೆ, ಪೀಸಿನ ಅಂದ ಇರೋದೇ ಅದರಲ್ಲಿ. ಅಲ್ಲಲ್ಲಿ ಹಳದಿ ನೀರು ಕಟ್ಟುತ್ತೆ, ಹೆದರಬೇಡಿ, ಅಣಬೇನೇ ಬಿಡೋ ನೀರು ಅದು. ಆದ್ರೆ ಜಾಸ್ತಿ ದಿನ ಬಿಟ್ಟು ಬೆಳಕು ಗಾಳಿ ಆಡಿದ್ರೆ ಮೊಗ್ಗು ಬಂದು ಅಣಬೆ ಕೊಡೆ ಬಿಡೋಕೆ ಶುರು ಆಗುತ್ತೆ. ಚಿಪ್ಪಣಬೆ (ಆಯ್ಸ್ಟರ್ ಮಶ್ರೂಮ್) ಆದ್ರೆ ಕೊಡೆ ದೊಡ್ಡದಾದ್ಮೇಲೆ ಬಿಳಿ ಪುಡಿ ಥರ ಬೀಜಕಣ ತುಂಬಾ ಉದುರಿಸುತ್ತೆ, ಉಸಿರಿನ ತೊಂದ್ರೆ ಇರೋರಿಗೆ ಅದು ಒಳ್ಳೇದಲ್ಲ, ಹಾಗಾಗಿ ಮೊಗ್ಗು ಕಂಡ ತಕ್ಷಣ ಒಣಗಿಸೋಕೆ ಹಾಕಿ. ಮನೇಲಿ ಓವನ್ ಇಲ್ಲದೋರಿಗೆ ಶೆಡ್ಡಲ್ಲಿ ಅಡಿಕೆ ಒಣಗಿಸೋ ಥರದ್ದೇ ಟ್ರೇ ಡ್ರೈಯರ್ ಇಟ್ಟಿದ್ದಾರೆ, ತಗೊಂಡು ಹೋದ್ರೆ ಎಕ್ಸ್‌ಟ್ರಾ ದುಡ್ಡಿಲ್ಲದೆ ಒಣಗಿಸಿ ಕೊಡ್ತಾರೆ, ಈ ಸರ್ವಿಸ್‌ಗೆ ನಿಜವಾಗ್ಲೂ ಮೆಚ್ಚಬೇಕು. ಮಳೆಗಾಲದಲ್ಲಿ ಬರೀ ಬಿಸಿಲು ನಂಬ್ಕೊಂಡ್ರೆ ಒಳಗಡೆ ಒಣಗಲ್ಲ, ಜೀವ ಉಳ್ಕೊಂಡುಬಿಡುತ್ತೆ.

ಲ್ಯಾಂಪ್ ವಿಷಯಕ್ಕೆ ಬಂದ್ರೆ ಮಾತಿಲ್ಲ. ಹಾಲಲ್ಲಿ ನೇತುಹಾಕಿದ್ದೀವಿ, ಎಲ್‌ಇಡಿ ಬಲ್ಬ್ ಹಾಕಿ. ಕೆನೆ ಬಣ್ಣ, ಅಲ್ಲಲ್ಲಿ ಕಂದು ಮಚ್ಚೆ, ಮುಟ್ಟಿದ್ರೆ ಮೆತ್ತಗೆ, ಬಂದೋರೆಲ್ಲ ಮುಟ್ಟಿ ನೋಡ್ದೆ ಹೋಗಲ್ಲ. ಶುರುವಲ್ಲಿ ಮಳೆ ಬಂದ್ಮೇಲಿನ ಕಾಡಿನ ವಾಸನೆ ಇತ್ತು, ಒಣಗಿ ಸ್ವಲ್ಪ ದಿನಕ್ಕೆ ಅದೂ ಹೋಯ್ತು.

ಸ್ಟೂಲು ನೋಡಿ, ಅಲ್ಲಿ ನಂಗೆ ಸಮಾಧಾನ ಇಲ್ಲ. ಕೆಲಸ ಕೆಟ್ಟದಾಗಿದೆ ಅಂತ ಅಲ್ಲ, ವಸ್ತುವಿನ ಗುಣಾನೇ ಹಾಗೆ. ಇಂಥ ಪೀಸು ಒಂದು ಘನ ಮೀಟರ್‌ಗೆ ಸಾಮಾನ್ಯವಾಗಿ 100ರಿಂದ 200 ಕೆಜಿ ಅಷ್ಟೇ ತೂಗುತ್ತೆ, ತೇಗ ಆದ್ರೆ 600 ದಾಟುತ್ತೆ. ಮೇಲಿಂದ ನೇರವಾಗಿ ಬೀಳೋ ಭಾರ ಒಂದು ಮಟ್ಟಿಗೆ ತಡೆಯುತ್ತೆ, ಆದ್ರೆ ಎಳೆತ, ಬಾಗು ಅಂದ್ರೆ ಆಗಲ್ಲ. ಕಿಟ್ಟಿನ ಸ್ಟೂಲಲ್ಲಿ ಸೀಟಿಗೆ ಮೂರು ಸಿಲ್ವರ್ ಓಕ್ ಕಾಲು ತೂರಿಸಿದ್ದಾರೆ, ಕೂತು ಹಿಂದಕ್ಕೆ ವಾಲಿದ್ರೆ ಕಾಲು ಸೇರೋ ಜಾಗದಲ್ಲಿ ಪುಡಿ ಉದುರುತ್ತೆ. ಒಳಗೆ ಒಂದು ಪ್ಲೈ ಡಿಸ್ಕ್ ಇಟ್ಟು ಅದಕ್ಕೆ ಕಾಲು ಕೂರಿಸಿ, ಅದರ ಸುತ್ತ ಅಣಬೆ ಬೆಳೆಸಿದ್ರೆ ಈ ಸಮಸ್ಯೆ ಇರಲ್ಲ, ಪ್ಲೈ ಮರವೇ ಆದ್ರಿಂದ ಎಳೆ ಅದನ್ನೂ ಹಿಡ್ಕೊಳ್ಳುತ್ತೆ. ಇಲ್ಲ ಅಂದ್ರೆ ಬಿಸಿ ಪ್ರೆಸ್ಸಲ್ಲಿ ಒತ್ತಬೇಕು, ಒತ್ತಿದ್ರೆ ದಪ್ಪ ಕಮ್ಮಿ ಆಗಿ ಬೋರ್ಡಿನ ಗಟ್ಟಿ ಬರುತ್ತೆ. ಪ್ಲೈ ಡಿಸ್ಕಿನ ಐಡಿಯಾ ಅವರಿಗೆ ಹೇಳಿದ್ದೀನಿ, ಬರ್ಕೊಂಡ್ರು. ಈಗಿರೋ ಸ್ಟೂಲನ್ನ ಗಿಡದ ಕುಂಡ ಇಡೋಕೋ, ಬೆಡ್ ಪಕ್ಕ ಪುಸ್ತಕ ಇಡೋಕೋ ಬಳಸಿ, ದಿನಾ ಕೂರೋಕೆ ಅಂತ ತಗೋಬೇಡಿ. ಕುಂಡ ಇಟ್ರೂ ಕೆಳಗೆ ತಟ್ಟೆ ಇಡಿ, ಮೇಲಿನ ಚರ್ಮ ನೀರು ತಡೆಯುತ್ತೆ ನಿಜ, ಆದ್ರೆ ಎಲ್ಲಾದ್ರೂ ಸೀಳಿದ್ರೆ ಒಳಗಿನ ಹುಲ್ಲು ನೀರು ಎಳ್ಕೊಳ್ಳುತ್ತೆ. ಗೆದ್ದಲಿಗೂ ಇದು ಹುಲ್ಲೇ, ನೆಲ ಮುಟ್ಟಿಸಿ ಇಡಬೇಡಿ.

ಶೆಡ್ಡಿನ ಗೋಡೆ ಮೇಲೆ ಪ್ರಪಂಚದಲ್ಲಿ ಯಾರ್ಯಾರು ಏನೇನು ಮಾಡಿದ್ದಾರೆ ಅಂತ ಫೋಟೋ ಹಾಕಿದ್ದಾರೆ, ಅದನ್ನ ನೋಡಿ ಸುಮಾರು ಜನ ಅಣಬೆ ಇಟ್ಟಿಗೇಲಿ ಮನೆ ಕಟ್ಟಬಹುದಾ ಅಂತ ಕೇಳ್ತಿದ್ರು. ಹಾಗಾಗಿ ಇದನ್ನೂ ಬರೀತೀನಿ. 2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಮ್ಯೂಸಿಯಂ ಅಂಗಳದಲ್ಲಿ ಹೈ-ಫೈ ಅಂತ ಒಂದು ಗೋಪುರ ನಿಲ್ಲಿಸಿದ್ರು, ಮೆಕ್ಕೆಜೋಳದ ದಂಟಲ್ಲಿ ಅಣಬೆ ಬೆಳೆಸಿ ಮಾಡಿದ ಸುಮಾರು 10,000 ಇಟ್ಟಿಗೆ, ಡೇವಿಡ್ ಬೆಂಜಮಿನ್ ಅನ್ನೋ ಆರ್ಕಿಟೆಕ್ಟ್ ಕೆಲಸ, ಇಟ್ಟಿಗೆ ಬೆಳೆಸಿಕೊಟ್ಟಿದ್ದು 2007ರಲ್ಲಿ ಶುರುವಾದ ಇಕೋವೇಟಿವ್ ಕಂಪನಿ. ಆದ್ರೆ ಅದು ಒಂದು ಬೇಸಿಗೆಗೆ ನಿಲ್ಲಿಸಿದ್ದು, ಆಮೇಲೆ ಬಿಚ್ಚಿ ಗೊಬ್ಬರ ಮಾಡಿದ್ರು, ಮಾಡಿದ್ದೇ ಆ ಲೆಕ್ಕಕ್ಕೆ. 2017ರಲ್ಲಿ ದಕ್ಷಿಣ ಕೊರಿಯಾದ ಸಿಯೋಲಲ್ಲಿ ಮೈಕೋಟ್ರೀ ಅಂತ ಮರದ ಆಕಾರದ ಒಂದು ರಚನೆ ನಿಲ್ಲಿಸಿದ್ರು, ಅದರಲ್ಲಿ ಅಣಬೆ ಬ್ಲಾಕುಗಳೇ ಭಾರ ಹೊತ್ತಿದ್ವು, ಹೇಗೆ ಅಂದ್ರೆ ಪ್ರತಿ ಬ್ಲಾಕಿಗೂ ಬರೀ ಒತ್ತಡ ಮಾತ್ರ ಬೀಳೋ ಹಾಗೆ ಆಕಾರ ಲೆಕ್ಕ ಹಾಕಿ, ಜಾಯಿಂಟಲ್ಲಿ ಬಿದಿರಿನ ಪ್ಲೇಟ್ ಕೊಟ್ಟಿದ್ರು. ನಾನು ಸ್ಟೂಲಿಗೆ ಪ್ಲೈ ಡಿಸ್ಕ್ ಕೇಳಿದ್ದೂ ಇದೇ ಲೆಕ್ಕ ನೋಡಿ. 2013ರಲ್ಲಿ ನೆದರ್ಲೆಂಡ್ಸಿನ ಎರಿಕ್ ಕ್ಲಾರೆನ್‌ಬೀಕ್ ಮಾಡಿದ ಕುರ್ಚಿಗೆ 3ಡಿ ಪ್ರಿಂಟರಲ್ಲಿ ತೆಳ್ಳಗೆ ಹೊರಚಿಪ್ಪು ಮಾಡಿ ಒಳಗೆ ಹುಲ್ಲು, ಅಣಬೆ ತುಂಬಿದ್ರು, ಪಕ್ಕದಲ್ಲಿ ಅಣಬೆ ಕೊಡೆಗಳು ಹಾಗೇ ಮೂಡಿದ್ವು, ಅದು ನಂಗೆ ತುಂಬಾ ಇಷ್ಟ ಆದ ಫೋಟೋ.

ಇನ್ನು ಫಿಲಿಪ್ ರಾಸ್. ಅಮೆರಿಕದ ಕಲಾವಿದ, 1990ರ ದಶಕದಿಂದ ಅಣಬೆ ಬೆಳೆಸಿ ಶಿಲ್ಪ ಮಾಡ್ತಾ ಬಂದಿರೋರು. 2009ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫಲ್ಲಿ ರೀಶಿ ಅಣಬೆ ಇಟ್ಟಿಗೆಯಿಂದ ಕಮಾನು ಕಟ್ಟಿ, ಅದೇ ಇಟ್ಟಿಗೆ ಕುದಿಸಿ ಬಂದೋರಿಗೆ ಟೀ ಕೊಟ್ರು. ರೀಶಿ ಯಾಕೆ ಅಂದ್ರೆ ಅದರ ಎಳೆ ಗಟ್ಟಿ, ಚರ್ಮ ದಪ್ಪ, ಚೆನ್ನಾಗಿ ಬಿಗಿಯುತ್ತೆ, ಫರ್ನಿಚರ್‌ಗೆ ಹೇಳಿ ಮಾಡಿಸಿದ ಜಾತಿ. ನನ್ ಚಿಂತೆ ಶುರುವಾಗೋದೂ ಇಲ್ಲೇ.

ರೀಶಿ ಅಂದ್ರೆ ಗ್ಯಾನೋಡರ್ಮಾ ಲ್ಯೂಸಿಡಮ್. ತುಮಕೂರು ಜಿಲ್ಲೇಲಿ ತೋಟ ಇರೋ ಯಾರಿಗಾದ್ರೂ ಗ್ಯಾನೋಡರ್ಮಾ ಅಂದ್ರೆ ಎದೆ ಧಸಕ್ ಅನ್ನುತ್ತೆ. ತೆಂಗಿಗೂ ಅಡಿಕೆಗೂ ಬರೋ ಅಣಬೆ ರೋಗ ಇದೇ ಗುಂಪಿಂದು. ಮಣ್ಣಲ್ಲಿ, ಸತ್ತ ಬೇರಲ್ಲಿ, ಬುಡದಲ್ಲಿ ಬದುಕಿಕೊಂಡು ಬೇರಿಂದ ಹತ್ತುತ್ತೆ, ಗರಿ ಜೋತು ಬೀಳುತ್ತೆ, ತೆಂಗಿನ ಕಾಂಡದ ಬುಡದಲ್ಲಿ ಕೆಂಪು ಕಂದು ನೀರು ಸೋರುತ್ತೆ, ಕೊನೆಗೆ ಬುಡದಲ್ಲಿ ಗಟ್ಟಿ ಅಣಬೆ ಕಾಣಿಸ್ಕೊಳ್ಳೋ ಹೊತ್ತಿಗೆ ಮರ ಕೈಬಿಟ್ಟಿರುತ್ತೆ. ಗುಬ್ಬಿ ಹತ್ರ ನಮ್ ದೊಡ್ಡಪ್ಪನ ತೋಟದಲ್ಲಿ ಫಸಲು ಕೊಡೋ ಮರಗಳು ಹೀಗೇ ಹೋಗಿವೆ, ಸುತ್ತ ಟ್ರೆಂಚ್ ಹೊಡೆದು, ಬೇವಿನ ಹಿಂಡಿ ಹಾಕಿ, ಬೋರ್ಡೋ ದ್ರಾವಣ ಸುರಿದು ಪಕ್ಕದ ಮರ ಉಳಿಸ್ಕೊಂಡಿದ್ದಾರೆ. ಸ್ಟೂಲ್ ಕಿಟ್ ನೋಡಿದ ತಕ್ಷಣ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: "ಇದ್ಯಾವ್ ಅಣಬೆನೋ ಮಗ? ನಮ್ ತೋಟ ತಿಂದಿದ್ದು ಇದೇ ಅಲ್ವೇನೋ? ಇದ್ನ ಬೇಲಿ ಒಳಕ್ಕೆ ತರ್ಬ್ಯಾಡ."

ಕವರ್ ಮೇಲೆ ಜಾತಿ ಹೆಸರೇ ಇಲ್ಲ! ಫೋನ್ ಮಾಡಿ ಕೇಳಿದ್ಮೇಲೆ ಗೊತ್ತಾಗಿದ್ದು, ಲ್ಯಾಂಪ್ ಕಿಟ್ಟಲ್ಲಿ ಚಿಪ್ಪಣಬೆ, ಸ್ಟೂಲ್ ಕಿಟ್ಟಲ್ಲಿ ರೀಶಿ. ಚಿಪ್ಪಣಬೆ ನಾವು ಸಾರು ಮಾಡ್ಕೊಂಡು ತಿನ್ನೋ ಅಣಬೆ, ಹುಲ್ಲು, ಸತ್ತ ಮರ ತಿನ್ನೋ ಜಾತಿ, ತೋಟಕ್ಕೆ ಅದರಿಂದ ಭಯ ಇಲ್ಲ. ಪೂರ್ತಿ ಒಣಗಿಸಿದ ರೀಶಿ ಪೀಸೂ ಸತ್ತಿರುತ್ತೆ, ಅದನ್ನ ಮನೇಲಿ ಇಡೋಕೆ ಏನೂ ತೊಂದ್ರೆ ಇಲ್ಲ. ಭಯ ಇರೋದು ಉಳಿದ ಜೀವಂತ ಕವರಿಂದು, ಸರಿಯಾಗಿ ಬರದೆ ಬಿಸಾಕೋ ಪೀಸಿಂದು. ಕಿಟ್ಟಿನ ಚೀಟೀಲಿ 'ಉಳಿದದ್ದನ್ನು ಗಿಡಗಳ ಬುಡಕ್ಕೆ ಗೊಬ್ಬರವಾಗಿ ಹಾಕಿ' ಅನ್ನೋ ಅರ್ಥದಲ್ಲಿ ಬರ್ದಿದ್ದಾರೆ, ಅದೂ ಬರೀ ಇಂಗ್ಲಿಷಲ್ಲಿ. ಎಲ್ಲೋ ತಂಪು ದೇಶದ ಕಿಟ್ಟಿನ ಚೀಟಿ ನೋಡ್ಕೊಂಡು ಬರ್ದಿರೋ ಹಾಗಿದೆ. ಇಲ್ಲಿ ಜೀವಂತ ಗ್ಯಾನೋಡರ್ಮಾ ಕವರನ್ನ ತಗೊಂಡೋಗಿ ತೆಂಗಿನ ಬುಡಕ್ಕೆ ಹಾಕೋ ಅಂತ ಹೇಳೋದು ತಪ್ಪು, ದೊಡ್ಡ ತಪ್ಪು. ಒಂದು ತೆಂಗಿನ ಮರ ಫಸಲಿಗೆ ಬರೋಕೆ ಎಷ್ಟು ವರ್ಷ ಅಂತ ಈ ಜಿಲ್ಲೆಯೋರಿಗೆ ಹೇಳಬೇಕಾಗಿಲ್ಲ. ಉಳಿದಿದ್ರೆ ನೀರೊಲೆಗೆ ಹಾಕಿ ಸುಟ್ಟುಬಿಡಿ, ಇಲ್ಲ ಚೆನ್ನಾಗಿ ಕುದಿಸಿ ಆಮೇಲೆ ಎಸೀರಿ. ತೋಟದ ಮನೇಲಿ ಇರೋರು ರೀಶಿ ಕಿಟ್ಟೇ ಬೇಡ ಅಂತ ಹೇಳಿ, ಚಿಪ್ಪಣಬೇದೇ ಕೊಡಿ ಅಂದ್ರೆ ಸ್ಟೂಲಿಗೂ ಅದೇ ತುಂಬಿ ಕೊಡ್ತಾರೆ, ಗಟ್ಟಿ ಒಂಚೂರು ಕಮ್ಮಿ ಬರುತ್ತೆ ಅಷ್ಟೇ.

ನಾನು ಇದನ್ನ ಓನರ್‌ಗೆ ಹೇಳಿದಾಗ ಅವರು ಕೋಪ ಮಾಡ್ಕೊಳ್ಳಲಿಲ್ಲ, ಸರಿಯಾಗಿ ಕೇಳಿಸ್ಕೊಂಡು "ಸಾರ್, ನಾವು ಬೆಂಗಳೂರು ಕಸ್ಟಮರ್ಸ್ ನೋಡ್ಕೊಂಡು ಬರ್ಸಿದ್ವಿ, ತೋಟ ನಮ್ ತಲೆಗೇ ಬರ್ಲಿಲ್ಲ, ಕನ್ನಡ ಚೀಟಿ ಹಾಕಿಸ್ತೀವಿ" ಅಂದ್ರು. ಹಾಕಿಸ್ಲಿ, ಜಾತಿ ಹೆಸರು ದಪ್ಪ ಅಕ್ಷರದಲ್ಲಿ ಕವರ್ ಮೇಲೇ ಬರಲಿ.

ಇನ್ನೊಂದು ಇದಕ್ಕೇ ಸೇರಿದ್ದು. ಅಣಬೆ ರೋಗಕ್ಕೆ ಅಂತ ನಾವು ಬೇವಿನ ಹಿಂಡಿ ಜೊತೆ ಹಾಕೋ ಟ್ರೈಕೋಡರ್ಮಾ ಇದೆಯಲ್ಲ, ಅದೂ ಒಂದು ಶಿಲೀಂಧ್ರ, ಬೇರೆ ಶಿಲೀಂಧ್ರ ತಿನ್ನೋದೇ ಅದರ ಕೆಲಸ. ಅಣಬೆ ಕವರಲ್ಲಿ ಬರೋ ಹಸಿರು ಬೂಷ್ಟು ಮುಕ್ಕಾಲುಪಾಲು ಅದರದ್ದೇ. ತೋಟದಲ್ಲಿ ಮರ ಕಾಯೋದೇ ಇಲ್ಲಿ ಬಂದ್ರೆ ಕಿಟ್ ಕೆಡಿಸುತ್ತೆ. ಹಾಗಾಗಿ ಟ್ರೈಕೋಡರ್ಮಾ ಕಲೆಸಿದ ಬಕೆಟ್ಟು, ಗೋಣಿಚೀಲ ಇರೋ ಶೆಡ್ಡಲ್ಲಿ ಕಿಟ್ ಬಿಚ್ಚಬೇಡಿ, ಕೈಗೆ ಸ್ಪಿರಿಟ್ ಹಚ್ಕೊಂಡು ಅಡುಗೆಮನೇಲಿ ಮಾಡಿ. ನಮಗೆ ಬಂದ ಕವರಲ್ಲೇ ಒಂದರ ಮೂಲೆ ಹಸಿರಾಗಿತ್ತು, ಫೋಟೋ ಕಳಿಸಿದ್ದಕ್ಕೆ ಪ್ರಶ್ನೆ ಕೇಳದೆ ಹೊಸದು ಕೊಟ್ರು.

ಯಾವ ಕಾಲದಲ್ಲಿ ತಗೋಬೇಕು ಅನ್ನೋದೂ ನೋಡ್ಕೊಳ್ಳಿ. ಇದು ಚೆನ್ನಾಗಿ ಬೆಳೆಯೋದು 24ರಿಂದ 28 ಡಿಗ್ರಿ ಒಳಗೆ. ನಮ್ ಏಪ್ರಿಲ್ ಬಿಸಿಲಲ್ಲಿ ಶೀಟ್ ಮನೇಲಿ ಇಟ್ರೆ ಬೆಂದೋಗುತ್ತೆ. ಆಷಾಢ ಕಳೆದ್ಮೇಲಿಂದ ಸಂಕ್ರಾಂತಿ ತನಕ ಒಳ್ಳೆ ಟೈಮು.

ನಂಗೆ ಒಪ್ಪಿಗೆ ಆಗದೆ ಇರೋ ಇನ್ನೊಂದು ವಿಷಯ ರಾಗಿ ಹುಲ್ಲು. ಲ್ಯಾಂಪಲ್ಲೂ ಸ್ಟೂಲಲ್ಲೂ ಮುಕ್ಕಾಲು ಭಾಗ ರಾಗಿ ಹುಲ್ಲೇ ಇದೆ. ಮಳೆ ಕೈಕೊಟ್ಟ ವರ್ಷ ಪಾವಗಡ, ಶಿರಾ ಕಡೆ ದನಕ್ಕೆ ಹುಲ್ಲು ಇಲ್ಲದೆ ಜನ ಎಷ್ಟು ಒದ್ದಾಡ್ತಾರೆ ಅಂತ ನೋಡಿರೋ ಯಾರಿಗೂ ದನ ತಿನ್ನೋ ಹುಲ್ಲಲ್ಲಿ ಸ್ಟೂಲ್ ಮಾಡೋದು ಸರಿ ಅನ್ಸಲ್ಲ. ನಮ್ಮಲ್ಲಿ ತೆಂಗಿನ ನಾರಿನ ಪುಡಿ ಗುಡ್ಡೆಗುಡ್ಡೆ ಬಿದ್ದಿರುತ್ತೆ, ಯಾವ ದನಾನೂ ಮೂಸಲ್ಲ. ಅದಕ್ಕೆ ಚಿಪ್ಪಣಬೆ ಹೊಸದೇನೂ ಅಲ್ಲ, ನಾರಿನ ಪುಡಿ ಕೊಳೆಸೋಕೆ ಕಾಯರ್ ಬೋರ್ಡಿನವರು ಕೊಡೋ ಪಿತ್‌ಪ್ಲಸ್ ಅನ್ನೋದು ಚಿಪ್ಪಣಬೆ ಜಾತಿಯ ಬೀಜವೇ. ಬರೀ ಪುಡಿ ಆದ್ರೆ ನೀರು ಹಿಡ್ಕೊಂಡು ಒಳಗೆ ಗಾಳಿ ಆಡಲ್ಲ, ಬೆಳವಣಿಗೆ ನಿಧಾನ, ಅದಕ್ಕೆ ಉದ್ದ ನಾರು, ಅಡಿಕೆ ಹಾಳೆ ಚೂರು ಬೆರೆಸಬೇಕು. ಕೇಳಿದ್ದಕ್ಕೆ ಒಂದು ಸ್ಯಾಂಪಲ್ ತೋರಿಸಿದ್ರು, ಕಂದು ಬಣ್ಣ ಜಾಸ್ತಿ, ರಾಗಿ ಹುಲ್ಲಿನ ಪೀಸಿಗಿಂತ ಭಾರ, ನಂಗೆ ಅದೇ ಚೆಂದ ಅನ್ಸಿತು. ಅದನ್ನ ಮಾರಾಟಕ್ಕೆ ತನ್ನಿ ಅಂತ ಹೇಳಿ ಬಂದಿದ್ದೀನಿ.

ರೇಟು: ಕ್ಲಾಸಿಗೆ ತಲೆಗೆ 800, ಲ್ಯಾಂಪ್ ಕಿಟ್ 950, ಸ್ಟೂಲ್ ಕಿಟ್ 2,400. ಲ್ಯಾಂಪಿಂದು ನ್ಯಾಯವಾದ ರೇಟು. ಸ್ಟೂಲಿಂದು ಈಗಿನ ಸ್ಥಿತೀಲಿ ಜಾಸ್ತಿ ಆಯ್ತು. ಕಿಟ್ ಒಂದ್ಸಲ ತಗೊಂಡು ಕೈ ಕೂತ್ಮೇಲೆ ಮತ್ತೆ ಮತ್ತೆ ಕಿಟ್ಟೇ ತಗೋಬೇಕು ಅಂತಿಲ್ಲ, ಅಚ್ಚು ನಿಮ್ ಹತ್ರ ಇರುತ್ತೆ, ಚಿಪ್ಪಣಬೆ ಬೀಜ ಹೆಸರಘಟ್ಟದ ಐಐಎಚ್‌ಆರ್‌ನಲ್ಲಿ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ಮಾರ್ತಾರೆ, ಅಣಬೆ ಬೇಸಾಯದ ಟ್ರೈನಿಂಗೂ ಅಲ್ಲಿದೆ.

ಸ್ಟಾರ್ ಕೊಡೋದಾದ್ರೆ ಲ್ಯಾಂಪಿಗೆ 5, ಕ್ಲಾಸಿಗೆ 5, ಸ್ಟೂಲಿಗೆ 2, ಚೀಟಿಗೆ 1. ಒಂದು ಆರ್ಡರನ್ನೂ ಕೊಟ್ಟು ಬಂದಿದ್ದೀನಿ, ನನ್ ಕಸ್ಟಮರ್ ಒಬ್ರು ಮನೇಲಿ ವೀಣೆ ಕ್ಲಾಸ್ ನಡೆಸ್ತಾರೆ, ರೂಮಲ್ಲಿ ಶಬ್ದ ಗುಂಯ್‌ಗುಡುತ್ತೆ ಅಂತ ಗೋಡೆಗೆ ಫೋಮ್ ಕೇಳ್ತಿದ್ರು. ಅಣಬೆ ಪ್ಯಾನೆಲ್ ಶಬ್ದ ಚೆನ್ನಾಗಿ ಹೀರುತ್ತೆ, ಇಟಲಿಯ ಮೋಗು ಅನ್ನೋ ಕಂಪನಿ ಇಂಥ ಪ್ಯಾನೆಲ್ಲನ್ನೇ ಮಾರ್ತಾರೆ, ಭಾರ ಹೊರೋ ಕೆಲಸಾನೂ ಇಲ್ಲ, ನೆಲಾನೂ ಮುಟ್ಟಲ್ಲ. ನಾರಿನ ಪುಡಿ ಮಿಕ್ಸಲ್ಲೇ, ಚಿಪ್ಪಣಬೇಲೇ ಮಾಡ್ಬೇಕು, ಡ್ರೈಯರಲ್ಲಿ ಒಣಗಿಸಿಯೇ ಕೊಡ್ಬೇಕು ಅಂತ ಬರೆಸ್ಕೊಂಡು ಅಡ್ವಾನ್ಸ್ ಕೊಟ್ಟಿದ್ದೀನಿ, ಗೋಡೆಗೆ ಹಾಕಿದ್ಮೇಲೆ ವೀಣೆ ಮೇಡಂ ಏನಂದ್ರು ಅಂತ ಇಲ್ಲೇ ಸೇರಿಸ್ತೀನಿ.